ಮೈನರ್ ಪ್ಲೇಟಿಗೆ ಗ್ರೈಂಡರ್ ಮುಟ್ಟಿಸಬೇಡಿ

ಅಣ್ಣ, ಮೊದಲು ಆ ಗ್ರೈಂಡರ್ ಪಕ್ಕಕ್ಕಿಡಿ. ಮೂಡಿಗೆರೆ ತೋಟದ ಶೆಡ್ಡಿನ ಹಳೇ ಇಂಗ್ಲಿಷ್ ಕಾರು ಮಾರಿಸ್ ಮೈನರ್‌ಗೆ ಆರ್‌ಸಿ ಇಲ್ಲ, ನಂಬರೂ ಇಲ್ಲ, ಬಾನೆಟ್ ಒಳಗಿನ ಚಾಸಿಸ್ ನಂಬರ್ ಪ್ಲೇಟ್ ಉಜ್ಜಿ ಓದುತ್ತೇನೆ ಅಂತ ಹಾಕಿದ್ದೀರಿ. ಫೋಟೋದಲ್ಲಿ ಗ್ರೈಂಡರಿಗೆ ಸಿಕ್ಕಿಸಿದ ವೈರ್ ಬ್ರಷ್ ಕಂಡು ಎದೆ ಧಸಕ್ ಅಂತು. ಹಾಸನದಲ್ಲಿ ನಾನೂ ಇದೇ ಮಾಡಿದ್ದೆ. ಎರಡೇ ನಿಮಿಷ, ಕೊನೆಯ ಎರಡು ಅಂಕಿ ಸವೆದು ಹೋದವು. 3 ಇತ್ತೋ 8 ಇತ್ತೋ ಹೇಳೋರಿಲ್ಲ. ಪೇಪರ್ ಕೆಲಸ ಒಂದೂವರೆ ವರ್ಷ ನಿಂತಿತು. ಕೊನೆಗೆ ಪೂರ್ತಿ ನಂಬರ್ ಸಿಕ್ಕಿದ್ದು ತೋಟದ ಲೆಕ್ಕ ಬರೆಯುತ್ತಿದ್ದ ಹಳೇ ರೈಟರ್ ಮನೆಯ ಟ್ರಂಕಿನಲ್ಲಿದ್ದ ಇನ್ಶೂರೆನ್ಸ್ ಕಾಗದದಲ್ಲಿ.

ಹೀಗೆ ಮಾಡಿ. ಹತ್ತಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಪ್ಲೇಟ್ ಮೇಲೆ ಒಂದು ರಾತ್ರಿ ಬಿಡಿ. ಸೀಮೆಎಣ್ಣೆ ಸಿಗದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯುಡಿ-40 ಆಗುತ್ತದೆ. ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ತಿಕ್ಕಿ. ಮೇಲೆ ಯಾರಾದರೂ ಪೇಂಟ್ ಬಳಿದಿದ್ದರೆ ಮಾತ್ರ ಥಿನ್ನರ್, ಇಲ್ಲದಿದ್ದರೆ ಪ್ಲೇಟಿನದೇ ಬಣ್ಣ ಎದ್ದುಬಿಡುತ್ತದೆ. ಕತ್ತಲಾದ ಮೇಲೆ ಟಾರ್ಚ್ ಅಡ್ಡಕ್ಕೆ ಹಿಡಿಯಿರಿ. ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. ಫೋಟೋ ತೆಗೆದು, ತೆಳು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ಪ್ಲೇಟ್ ಕೀಳಬೇಡಿ. ಅಂಕಿ ಸರಿಯಾಗಿ ಕಾಣಲಿಲ್ಲ ಅಂತ ಹೊಸದಾಗಿ ಪಂಚ್ ಅಂತೂ ಹೊಡೆಸಲೇಬೇಡಿ, ಕಳ್ಳ ಗಾಡಿ ಅಂತ ಕೇಸಾಗುತ್ತದೆ.

1952ರಿಂದ 58ರ ಗಾಡಿಯಾದರೆ ಚಾಸಿಸ್ ನಂಬರಿನ ಮುಂದೆ ಮೂರು ಅಕ್ಷರ, ಎರಡು ಅಂಕಿ ಇರುತ್ತವೆ. ಎಫ್ ಅಂದರೆ ಮೈನರ್. ಮುಂದಿನದು ಎ ಆದರೆ ನಾಲ್ಕು ಬಾಗಿಲು, ಬಿ ಆದರೆ ಎರಡು. ಮೂರನೆಯ ಅಕ್ಷರ ಬಣ್ಣದ್ದು. ಆಮೇಲಿನ ಮೊದಲ ಅಂಕಿ 2 ಇದ್ದರೆ ಬಲಗೈ ಸ್ಟೀರಿಂಗಿನ ರಫ್ತು ಗಾಡಿ, 5 ಇದ್ದರೆ ಬಿಡಿಭಾಗವಾಗಿ ಬಂದು ಜೋಡಿಸಿದ್ದು. ಈ ನಂಬರ್ ಕೊಟ್ಟರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟಿನವರು ಫ್ಯಾಕ್ಟರಿ ಲೆಡ್ಜರ್ ನೋಡಿ ಸರ್ಟಿಫಿಕೇಟ್ ಕೊಡುತ್ತಾರೆ. ತಯಾರಾದ ತಾರೀಕು, ಮೂಲ ಎಂಜಿನ್ ನಂಬರ್, ಬಣ್ಣ ಎಲ್ಲ ಬರುತ್ತದೆ. ದುಡ್ಡು ಖರ್ಚಾದರೂ ಮಾಡಿಸಿ. ಆದರೆ ಅದು ಗಾಡಿಯ ಗುರುತಿಗೆ ಮಾತ್ರ, ಮಾಲೀಕತ್ವಕ್ಕೆ ಅಲ್ಲ.

ರಿಜಿಸ್ಟ್ರೇಷನ್ ನಂಬರಿಗೆ ತೋಟದ ಮನೆಯವರ ಮದುವೆ ಆಲ್ಬಮ್ ಕೇಳಿ. ಕಾರಿನ ಮುಂದೆ ನಿಂತ ಫೋಟೋ ಒಂದಾದರೂ ಇದ್ದೇ ಇರುತ್ತದೆ. ನಂಬರ್ ಸಿಕ್ಕರೆ ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ರಿಜಿಸ್ಟರಿನಲ್ಲಿರುವ ಗಾಡಿ ವಿವರದ ನಕಲು ಕೇಳಿ. ಈಗಿನ ಚಿಕ್ಕಮಗಳೂರಿನ ಕೆಎ-18 ಅಂತ ಹುಡುಕಬೇಡಿ, ಕೆಎ ಬಂದಿದ್ದೇ 1989ರಲ್ಲಿ. ಗಾಡಿ ಮಂಗಳೂರಿನಿಂದ ಘಾಟಿ ಹತ್ತಿ ಬಂದದ್ದಾದರೆ ಇನ್ನೊಂದು ತೊಡಕು. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಅದಕ್ಕೂ ಮೊದಲಿನ ನಂಬರ್ ಅಲ್ಲಿಯದೇ ಇರುತ್ತದೆ.

ಡೂಪ್ಲಿಕೇಟ್ ಆರ್‌ಸಿಯ ಫಾರಂ 26 ಮಾಲೀಕರ ಹೆಸರಲ್ಲೇ ಹೋಗಬೇಕು. ಅವರು ತೀರಿಕೊಂಡಿದ್ದರೆ ಗಾಡಿ ಹೆಸರಿಗೆ ಮಾಡಿಸಿಕೊಳ್ಳಲು ವಾರಸುದಾರರಿಂದ ಫಾರಂ 31. ವಾರಸುದಾರರು ಊರಲ್ಲಿರುವಾಗಲೇ ಸಹಿ ಹಾಕಿಸಿಕೊಳ್ಳಿ, ನಾಳೆ ಅನ್ನಬೇಡಿ.

ಏನೂ ಸಿಗದಿದ್ದರೆ ಮಾತ್ರ 2021ರ ವಿಂಟೇಜ್ ನಿಯಮದಲ್ಲಿ ಹಳೇ ಗಾಡಿಗಳಿಗೆ ಕೊಡುವ ವಿಎ ನಂಬರ್ ಸರಣಿ ವಿಚಾರಿಸಿ. ಐವತ್ತು ವರ್ಷ ದಾಟಿರಬೇಕು, ಫೀಸು 20,000, ಹತ್ತು ವರ್ಷಕ್ಕೆ. ಆದರೆ ಚಾಸಿಸ್, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು. ಹಾಗಾಗಿ ಮೈನರ್‌ಗೆ ಡೀಸೆಲ್ ಎಂಜಿನ್ ಕೂರಿಸಿ ಅನ್ನುವವರ ಮಾತು ಕೇಳಬೇಡಿ. ಹಳೇ ನಂಬರ್ ಸಿಕ್ಕರೆ ಅದನ್ನೇ ಉಳಿಸಿಕೊಳ್ಳಿ.

ಮತ್ತೆ, ಸೀಟು, ಡೋರ್ ಪ್ಯಾಡ್ ಗುಜರಿಗೆ ಹಾಕುವ ಮೊದಲು ಹಿಂದೆ ಕೈ ಹಾಕಿ ನೋಡಿ. ನನ್ನ ಗಾಡಿಯ ಟ್ಯಾಕ್ಸ್ ಕಾರ್ಡ್ ಸಿಕ್ಕಿದ್ದು ಹಿಂದಿನ ಸೀಟಿನ ಸ್ಪ್ರಿಂಗ್ ನಡುವೆ, ಇಲಿ ಗೂಡಿನೊಳಗೆ. ಪೆನ್ಸಿಲ್ ಪ್ರಿಂಟ್ ಬಂದ ಮೇಲೆ ಇಲ್ಲಿ ಹಾಕಿ, ಸೇರಿ ಓದೋಣ.