ಸೋಮವಾರದ ಫೆರಿ ನೆಚ್ಚಬೇಡಿ

ಅಬರ್ಡೀನ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: "ಸ್ಕಾಟ್ಲೆಂಡ್‌ನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳ ಲೆರ್ವಿಕ್‌ನಲ್ಲಿ ನಡೆಯುವ, ಸಾವಿರ ವರ್ಷ ಹಳೆಯ ವೈಕಿಂಗ್ ಹಬ್ಬ 'ಅಪ್ ಹೆಲಿ ಆ'ಗೆ ಮಕ್ಕಳೊಂದಿಗೆ ಹೋಗಬೇಕೆಂದಿದ್ದೇವೆ. ಸೋಮವಾರ ರಾತ್ರಿ ಫೆರಿ ಹತ್ತಿ, ಮಂಗಳವಾರ ಹಬ್ಬ ನೋಡಿ, ಬುಧವಾರ ಪೇಟೆ ಸುತ್ತಬಹುದೇ? ರಾತ್ರಿಯ ಕುಣಿತಕ್ಕೆ ಟಿಕೆಟ್ ಸಿಗುತ್ತದೆಯೇ?"

ಉತ್ತರ: ವಾರ ಸರಿ ಹಿಡಿದಿದ್ದೀರಿ. ಹಬ್ಬ ಜನವರಿಯ ಕೊನೆಯ ಮಂಗಳವಾರ. 2027ರಲ್ಲಿ ಅದು 26ನೇ ತಾರೀಖು. ವರ್ಷದ ಲೆಕ್ಕ ಮಾತ್ರ ತಪ್ಪು. 15ನೇ ಶತಮಾನದವರೆಗೆ ಶೆಟ್‌ಲೆಂಡ್ ನಾರ್ವೆಯದಾಗಿದ್ದದ್ದು ನಿಜ, ಆದರೆ ಈ ಹಬ್ಬ 19ನೇ ಶತಮಾನದ್ದು. ಮೊದಲು ಹುಡುಗರು ಉರಿಯುವ ಡಾಂಬರು ಪೀಪಾಯಿಗಳನ್ನು ಇಕ್ಕಟ್ಟು ಬೀದಿಗಳಲ್ಲಿ ಎಳೆದಾಡುತ್ತಿದ್ದರು. 1870ರ ದಶಕದಲ್ಲಿ ಅದಕ್ಕೆ ತಡೆ ಬಿದ್ದ ಮೇಲೆ ಪಂಜಿನ ಮೆರವಣಿಗೆ ಬಂತು, 1889ರಲ್ಲಿ ವೈಕಿಂಗ್ ಮಾದರಿಯ ಮರದ ಹಡಗು ಸುಡುವ ಪದ್ಧತಿ. ಲೆರ್ವಿಕ್‌ನ ತಂಡಗಳಲ್ಲಿ ಹೆಂಗಸರಿಗೆ ಜಾಗ ಸಿಕ್ಕಿದ್ದು 2023ರಲ್ಲಿ. ಬಹಳ ತಡವಾಯಿತು.

ಸೋಮವಾರದ ಫೆರಿ ಬೇಡ. ನೇರ ಹೋಗುವುದು ಸಂಜೆ 7ಕ್ಕೆ ಬಿಟ್ಟು ಬೆಳಗ್ಗೆ 7.30ಕ್ಕೆ ಮುಟ್ಟುತ್ತದೆ, ನಡುದಾರಿಯ ಓರ್ಕ್ನಿ ದ್ವೀಪಗಳ ಕರ್ಕ್‌ವಾಲ್ ಹಾದು ಹೋಗುವುದಾದರೆ 5ಕ್ಕೇ ಬಿಡುತ್ತದೆ. ಜನವರಿಯ ಕಡಲು ಕೆರಳಿದರೆ ಎರಡೂ ತಡವಾಗಬಹುದು, ರದ್ದೂ ಆಗಬಹುದು. ಹಬ್ಬ ನಿಮಗಾಗಿ ಕಾಯುವುದಿಲ್ಲ: ಮಳೆಗಾಳಿಯೆಂದು ಮುಂದೂಡುವ ರೂಢಿಯೇ ಅಲ್ಲಿಲ್ಲ. ಶನಿವಾರ, ಹೆಚ್ಚೆಂದರೆ ಭಾನುವಾರ ಹೊರಡಿ. ಕ್ಯಾಬಿನ್ನು, ವಸತಿ ಎರಡನ್ನೂ ತಿಂಗಳುಗಟ್ಟಲೆ ಮುಂಚೆ ಕಾದಿರಿಸಿ.

ಮಕ್ಕಳಿಗೆ ಹಗಲೇ ಚೆನ್ನ. ಬೆಳಗ್ಗೆ ಮಾರ್ಕೆಟ್ ಕ್ರಾಸ್‌ನಲ್ಲಿ 'ಬಿಲ್' ನಿಲ್ಲಿಸುತ್ತಾರೆ. ಊರಿನವರನ್ನು ಹೆಸರು ಹಿಡಿದು ಗೇಲಿ ಮಾಡುವ ದೊಡ್ಡ ಫಲಕ ಅದು. ಹೊರಗಿನವರಿಗೆ ಅರ್ಧ ಜೋಕು ತಲೆಗೆ ಹತ್ತುವುದಿಲ್ಲ, ಬಣ್ಣ ನೋಡಿ ಬನ್ನಿ. ಆಮೇಲೆ ವರ್ಷದ ನಾಯಕ 'ಗೈಸರ್ ಯಾರ್ಲ್' ತನ್ನ ತಂಡದೊಡನೆ ಕವಚ, ಕೊಡಲಿ, ಗುರಾಣಿ ಸಮೇತ ಊರು ಸುತ್ತುತ್ತಾನೆ. ಚಳಿಗಾಲವಿಡೀ ಮರಗೆಲಸ ಮಾಡಿ ಕಟ್ಟಿದ ಹಡಗನ್ನು ಹತ್ತಿರದಿಂದ ನೋಡುವುದಿದ್ದರೆ ಹಗಲಲ್ಲೇ ನೋಡಿ. ಸಂಜೆ 4ರ ಸುಮಾರಿಗೆ ಕತ್ತಲು.

ದೊಡ್ಡ ಮೆರವಣಿಗೆ 7.30ಕ್ಕೆ. ಬೀದಿದೀಪ ಆರಿಸಿ ರಾಕೆಟ್ ಹಾರಿಸಿದ ಕೂಡಲೇ ಸಾವಿರದ ಹತ್ತಿರ ಪಂಜುಗಳು ಹೊತ್ತಿಕೊಳ್ಳುತ್ತವೆ. ನಮ್ಮ ದೊಂದಿಯ ದಾಯಾದಿಯೇ: ಬೇಲಿಗೂಟದ ತುದಿಗೆ ಗೋಣಿಬಟ್ಟೆ ಕಟ್ಟಿ ಸೀಮೆಎಣ್ಣೆಯಲ್ಲಿ ನೆನೆಸಿದ್ದು. ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಲ್ಲಿ. ಎದುರು ಬದಿಯಲ್ಲಿ ನಿಂತರೆ ಹೊಗೆ, ಕಿಡಿ ಎಲ್ಲವೂ ನಿಮ್ಮ ಪಾಲಿಗೆ. ನೈಲಾನ್ ಜಾಕೆಟ್ಟಿನಲ್ಲಿ ಒಂದು ಕಿಡಿಗೆ ಒಂದು ತೂತು. ಒಳಗೆ ಉಣ್ಣೆ, ಮೇಲೆ ಹಳೆಯ ದಪ್ಪ ಕೋಟು ಹಾಕಿ. ಕೊನೆಗೆ ಆಟದ ಮೈದಾನದಲ್ಲಿ ಪಂಜುಗಳನ್ನೆಲ್ಲ ಹಡಗಿನೊಳಗೆ ಎಸೆಯುತ್ತಾರೆ. ಅಲ್ಲಿಗೆ ಬೀದಿಯ ಹಬ್ಬ ಮುಗಿಯಿತು.

ಮುಂದಿನದು ಬೆಳಗಿನ ತನಕ ಸಭಾಭವನಗಳೊಳಗೆ: ವೇಷದ ತಂಡಗಳು ಒಂದೊಂದು ಭವನಕ್ಕೂ ಹೋಗಿ ತಮ್ಮ ಪ್ರಹಸನ ಆಡಿ, ಕುಣಿದು, ಮುಂದಿನದಕ್ಕೆ ನಡೆಯುತ್ತವೆ. ಹೆಚ್ಚಿನ ಕಡೆ ಪ್ರವೇಶ ಆಹ್ವಾನಿತರಿಗಷ್ಟೇ. ಒಳಗೆ ಕೂರಲೇಬೇಕೆಂದಿದ್ದರೆ ಹಳ್ಳಿಗಳ ಹಬ್ಬ ಹಿಡಿಯಿರಿ. ಜನವರಿ ಎರಡನೇ ಶುಕ್ರವಾರದ ಸ್ಕಾಲೋವೆಯಿಂದ ಮಾರ್ಚ್‌ನ ಡೆಲ್ಟಿಂಗ್‌ವರೆಗೆ ಸಾಲಾಗಿವೆ. ಕೆಲವು ಕಡೆ ಹಡಗನ್ನು ನೀರಿಗಿಳಿಸಿ ಸುಡುತ್ತಾರೆ, ಲೆರ್ವಿಕ್‌ಗಿಂತ ಅದೇ ಚಂದ. ಭವನದ ಊಟವೆಂದರೆ 'ರೀಸ್ಟಿಟ್ ಮಟನ್', ಅಂದರೆ ಉಪ್ಪು ಹಾಕಿ ಒಣಗಿಸಿದ ಕುರಿಮಾಂಸದ ಸೂಪು, ಜೊತೆಗೆ ಬ್ಯಾನಕ್ ರೊಟ್ಟಿ. ಸಸ್ಯಾಹಾರಿಗಳು ರೊಟ್ಟಿ ನೆಚ್ಚಿಕೊಳ್ಳಬೇಕು.

ಬುಧವಾರ ಪೇಟೆ ಸುತ್ತುವ ಯೋಚನೆ ಬಿಡಿ. ಅಂದು ಲೆರ್ವಿಕ್‌ಗೆ ರಜೆ, ಊರಿಡೀ ನಿದ್ದೆಯಲ್ಲಿರುತ್ತದೆ. ಹಾಲು, ಬ್ರೆಡ್ಡು ಸೋಮವಾರವೇ ತಂದಿಟ್ಟುಕೊಳ್ಳಿ.

– ಸಂ.