ಫುಟ್‌ಬಾಲ್ ಆಟಗಾರ ಸುನಿಲ್ ಛೇತ್ರಿ ವಿದೇಶದ ಕ್ಲಬ್‌ಗಳಲ್ಲಿ ಆಡಿದ್ದಾರಾ?

ಆಡಿದ್ದಾರೆ, ಆದರೆ ಕಡಿಮೆ. ಬೆಳಗಾವಿಯ ಕ್ಯಾಂಪ್‌ನಲ್ಲಿ ಮಳೆಗಾಲದ ಕೆಸರಲ್ಲೂ ಛೇತ್ರಿಯ 11ನೇ ನಂಬರಿನ ಜೆರ್ಸಿ ಬಿಚ್ಚದ ನನ್ನ ಅಕ್ಕನ ಮಗನೂ ಇದನ್ನೇ ಕೇಳಿದ್ದ.

2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಒಪ್ಪಂದ ಆಗಿತ್ತು. ಆದರೆ ವರ್ಕ್ ಪರ್ಮಿಟ್ ಸಿಗಲಿಲ್ಲ. ಆಟಗಾರನ ದೇಶ ಫಿಫಾ ರ‍್ಯಾಂಕಿಂಗ್‌ನ ಮೊದಲ 70ರೊಳಗೆ ಇರಬೇಕಿತ್ತು, ಭಾರತ 100ರ ಆಚೆ ಇತ್ತು. ಚೆನ್ನಾಗಿ ಆಡುವವನಿಗೆ ದೇಶದ ರ‍್ಯಾಂಕೇ ಅಡ್ಡ ಬಂತು, ಅನ್ಯಾಯ ಅಲ್ವಾ?

2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಝಾರ್ಡ್ಸ್ ಸೇರಿದರು. ಅಲ್ಲಿ ಬೆಂಚಿನ ಮೇಲೆ ಕೂತದ್ದೇ ಜಾಸ್ತಿ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡ. ಅಲ್ಲೂ ಬೆರಳೆಣಿಕೆಯ ಪಂದ್ಯ ಅಷ್ಟೇ. 2013ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು. ಆಮೇಲಿನ ಕಥೆ ನಮ್ಮ ಹುಡುಗನಿಗೆ ಬಾಯಿಪಾಠ.