ತಾಳಮೇಳದ ‘ಮೇಳ’ ಯಾವುದು?

‘ತಾಳಮೇಳ ಇಲ್ಲ’ ಅನ್ನುವಾಗಿನ ಮೇಳ, ಆಟದ (ಯಕ್ಷಗಾನದ) ಮೇಳವೇ ಅಂತ ಕೇಳಿದ್ದೀರಿ. ಪದ ಒಂದೇ, ‘ಕೂಡುವುದು’ ಅಂತ ಅರ್ಥ. ಕಲಾವಿದರು ಕೂಡಿದರೆ ಆಟದ ಮೇಳ, ಇಲ್ಲಿ ಮಾತ್ರ ಒಂದಕ್ಕೊಂದು ಹೊಂದುವುದು. ನಮ್ಮ ಕುಂಬಳೆ ಕಡೆ ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ತೆಂಕಣ ಶೈಲಿಯ, ಆಟಕ್ಕೆ ಹೋದರೆ ಸ್ವಲ್ಪ ಹೊತ್ತು ಹಿಮ್ಮೇಳವನ್ನೇ ನೋಡಿ: ಹಾಡುವ ಭಾಗವತರ ಕೈಯಲ್ಲಿ ಜಾಗಟೆ, ಇನ್ನೊಬ್ಬರ ಕೈಯಲ್ಲಿ ಚಕ್ರತಾಳ, ಜೊತೆಗೆ ಚೆಂಡೆ, ಮದ್ದಳೆ, ಎದುರಿಗೆ ವೇಷದವರ ಹೆಜ್ಜೆ, ಇಷ್ಟೂ ಹೊಂದಿಕೊಂಡೇ ಹೋಗಬೇಕು. ಒಬ್ಬರು ಚೂರು ಮುಂದೆ ಓಡಿದರೂ ಹಾಡು ಕೆಟ್ಟಿತು. ದಿನದ ಮಾತಲ್ಲೂ ಹಾಗೇ ಅಲ್ವಾ, ‘ಹೇಳುವುದಕ್ಕೂ ಮಾಡುವುದಕ್ಕೂ ತಾಳಮೇಳ ಇಲ್ಲ’ ಅಂತೇವೆ. ಹೊಂದಬೇಕಾದ ಎರಡು ಸಂಗತಿ ಇದ್ದರೇ ಈ ಮಾತಿಗೆ ಕಳೆ. ಒಬ್ಬರು ಸುಮ್ನೆ ಏನೋ ಹೇಳಿದರೆ ‘ತಲೆಬುಡ ಇಲ್ಲ’ ಅನ್ನುವುದೇ ಸರಿ. ‘ತಾಳ ಹಾಕುವುದು’ ಬೇರೆ, ಅದು ಇನ್ನೊಬ್ಬರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದು.